ತುಮಕೂರಿಗೆ ಮೆಟ್ರೋ: ಗಾಡಿ ಆರಿಸುವ ಮೊದಲು ದೂರ ಅಳೆಯೋಣ

ಬೆಳಿಗ್ಗೆ ಏಳರ ಹೊತ್ತಿಗೆ ತುಮಕೂರು ಪಕ್ಕದ ಕ್ಯಾತ್ಸಂದ್ರ ಸ್ಟೇಷನ್ನಿನಲ್ಲಿ ಒಂದು ಸಲ ನಿಂತು ನೋಡಿ. ಬೆಂಗಳೂರಿನ ಗಾಡಿ ತುಮಕೂರಲ್ಲೇ ತುಂಬಿಕೊಂಡು ಬಂದಿರುತ್ತದೆ. ಊಟದ ಬ್ಯಾಗು ಎದೆಗೆ ಅವುಚಿಕೊಂಡ ಹುಡುಗಿಯರು ಬಾಗಿಲ ಹತ್ತಿರ ನಿಂತಿರುತ್ತಾರೆ. ಒಳಗೆ ಕಾಲೇಜು ಹುಡುಗರು, ಕೋರ್ಟಿಗೆ ಹೋಗುವವರು, ಪೀಣ್ಯದ ಫ್ಯಾಕ್ಟರಿಗಳಿಗೆ ಹೋಗುವವರು. ಮೂರು ಜನ ಕೂರುವ ಸೀಟಿನ ತುದಿಯಲ್ಲಿ ನಿಂತು "ಸ್ವಲ್ಪ ಸರೀರಿ ಅಣ್ಣಾ" ಅಂದರೆ ಸಾಕು, ನಾಲ್ಕನೆಯವರಿಗೂ ಜಾಗ ಆಗುತ್ತದೆ. ಸಂಜೆ ವಾಪಸ್ ಬರುವಾಗ ಅವರೆಕಾಯಿ ಕಾಲವಾದರೆ ಹೆಂಗಸರು ಮಡಿಲಲ್ಲಿ ಕವರ್ ಇಟ್ಟುಕೊಂಡು ಸುಲಿಯುತ್ತಾ ಕೂರುತ್ತಾರೆ. ಮನೆ ಸೇರುವಷ್ಟರಲ್ಲಿ ರಾತ್ರಿಯ ಸಾರಿಗೆ ಕಾಳು ತಯಾರು. ನಾನು ಆರು ವರ್ಷ ಹೀಗೆ ತಿಂಗಳ ಪಾಸ್ ಮಾಡಿಸಿಕೊಂಡು ಓಡಾಡಿದವನು. ತುಮಕೂರಿಗೆ ಒಳ್ಳೆಯ ರೈಲು ಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ಈಗ ನಮ್ಮ ಮುಂದೆ ಇಟ್ಟಿರುವುದು ಮೆಟ್ರೋ. 2024ರ ಫೆಬ್ರುವರಿ ಬಜೆಟ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ತುಮಕೂರು ಮತ್ತು ದೇವನಹಳ್ಳಿಗೆ ಮೆಟ್ರೋ ವಿಸ್ತರಿಸುವ ಬಗ್ಗೆ ಕಾರ್ಯಸಾಧ್ಯತಾ ವರದಿ ಮಾಡಿಸುವುದಾಗಿ ಹೇಳಿದರು. ವರದಿ ಬಂತು. ಆಮೇಲೆ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿಯ ಹಂತಕ್ಕೆ ಮಾತು ಹೋಯಿತು. ಬೆಂಗಳೂರು ಮೆಟ್ರೋ ಹಸಿರು ಮಾರ್ಗದ ಕೊನೆಯ ಸ್ಟೇಷನ್ ಮಾದಾವರದಿಂದ ಹೊರಟು ನೆಲಮಂಗಲ, ಟಿ. ಬೇಗೂರು, ಡಾಬಸ್‌ಪೇಟೆ, ಹಿರೇಹಳ್ಳಿ, ಕ್ಯಾತ್ಸಂದ್ರ, ಬಟವಾಡಿ ದಾಟಿ ತುಮಕೂರಿನ ಶಿರಾ ಗೇಟ್‌ ಕಡೆಗೆ ಬರುವ ದಾರಿ ಇದು. ಉದ್ದ ಹೆಚ್ಚುಕಡಿಮೆ 60 ಕಿ.ಮೀ. ಸ್ಟೇಷನ್ನುಗಳು 25ರ ಆಸುಪಾಸು. ಪೂರ್ತಿ ಎತ್ತರದ ಕಂಬಗಳ ಮೇಲೆ. ಖರ್ಚಿನ ಅಂದಾಜು 20 ಸಾವಿರ ಕೋಟಿ ರೂಪಾಯಿ ಮೀರುತ್ತದೆ, ಅದರಲ್ಲಿ ಖಾಸಗಿಯವರ ಪಾಲುದಾರಿಕೆಯೂ ಇರಬೇಕು ಅನ್ನುವುದು ಸರ್ಕಾರದ ಲೆಕ್ಕ. ಜಿಲ್ಲಾ ಉಸ್ತುವಾರಿ ಸಚಿವರಾಗಿ ಜಿ. ಪರಮೇಶ್ವರ ಅವರು ಇದರ ಹಿಂದೆ ಬಲವಾಗಿ ನಿಂತಿದ್ದಾರೆ. ಊರಲ್ಲೂ ಆಸೆ ದೊಡ್ಡದಾಗಿದೆ. ಆಸೆಪಡುವುದರಲ್ಲಿ ತಪ್ಪೇನೂ ಇಲ್ಲ. ನಲವತ್ತು ವರ್ಷ ಬೆಂಗಳೂರಿಗೆ ಕೈಗಳನ್ನೂ ತರಕಾರಿಯನ್ನೂ ಕಳಿಸಿದ ಊರು ಇದು.

ನನ್ನ ಚಿಂತೆ ಒಂದೇ. ದಾರಿ ಸರಿಯಾಗಿದೆ, ಅದರ ಮೇಲೆ ಓಡಿಸಲು ಆರಿಸಿರುವ ಗಾಡಿ ಸರಿಯಿಲ್ಲ.

ಮೆಟ್ರೋ ಯಾವ ದೂರಕ್ಕೆ?

ಮೆಟ್ರೋ ಊರೊಳಗಿನ ಗಾಡಿ. ಒಂದೊಂದು ಕಿಲೋಮೀಟರಿಗೆ ನಿಲ್ಲುತ್ತದೆ, ಜನ ಹತ್ತುತ್ತಾರೆ, ಇಳಿಯುತ್ತಾರೆ. ಹೆಚ್ಚಿನವರು ಹದಿನೈದು ನಿಮಿಷ, ಅರ್ಧ ಗಂಟೆ ಇರುತ್ತಾರೆ. ಅದಕ್ಕೇ ಸೀಟು ಗೋಡೆಗೆ ಅಂಟಿಕೊಂಡಂತೆ ಉದ್ದಕ್ಕೆ ಇಟ್ಟು, ನಡುವೆ ನಿಲ್ಲಲು ಜಾಗ ಬಿಟ್ಟಿದ್ದಾರೆ. ಆರು ಬೋಗಿಯ ಗಾಡಿಯಲ್ಲಿ ಕೂರುವವರು ಕೆಲವು ನೂರು ಜನ, ಉಳಿದವರೆಲ್ಲ ನಿಂತೇ ಹೋಗಬೇಕು. ಒಳಗೆ ಶೌಚಾಲಯ ಇರುವುದಿಲ್ಲ. ಊರೊಳಗಿನ ಓಡಾಟಕ್ಕೆ ಇದು ಸರಿಯಾಗೇ ಇದೆ. ನಮ್ಮ ಮೆಟ್ರೋ ಅದನ್ನು ಚೆನ್ನಾಗಿ ಮಾಡುತ್ತಿದೆ ಕೂಡ.

ಈಗ ಗಡಿಯಾರ ಇಟ್ಟುಕೊಂಡು ನೋಡೋಣ. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗ ನಾಗಸಂದ್ರದಿಂದ ಮಾದಾವರದವರೆಗೆ 3 ಕಿ.ಮೀ. ಚಿಲ್ಲರೆ ಬೆಳೆಯಿತು. ಮಾದಾವರದಿಂದ ಆ ಮಾರ್ಗದ ಇನ್ನೊಂದು ಕೊನೆ ರೇಷ್ಮೆ ಸಂಸ್ಥೆಗೆ ಒಟ್ಟು 33 ಕಿ.ಮೀ. ದಾರಿ, ಅದಕ್ಕೆ ಗಂಟೆ ಹತ್ತಿರ ಹಿಡಿಯುತ್ತದೆ. ಗಾಡಿ 80ರ ವೇಗದಲ್ಲಿ ಓಡಬಲ್ಲದು, ಆದರೆ ನಿಂತು ನಿಂತು ಹೋಗುವುದರಿಂದ ಸರಾಸರಿ 33-35 ಕಿ.ಮೀ.ಗೆ ಬಂದು ಕೂರುತ್ತದೆ. ತುಮಕೂರು ಮಾರ್ಗದಲ್ಲಿ ಸ್ಟೇಷನ್ನುಗಳು ಸ್ವಲ್ಪ ದೂರ ದೂರ ಇರುತ್ತವೆ. ಹಾಗಾಗಿ ಉದಾರವಾಗಿ 45 ಅಂತ ಹಿಡಿಯೋಣ. 60 ಕಿ.ಮೀ.ಗೆ 80 ನಿಮಿಷ. ಮಾದಾವರದಿಂದ ಮೆಜೆಸ್ಟಿಕ್‌ಗೆ ಇನ್ನೊಂದು ಅರ್ಧ ಗಂಟೆಗೂ ಮೇಲೆ. ಅಲ್ಲಿಗೆ ಎರಡು ಗಂಟೆ ಹತ್ತಿರ ಆಯಿತು, ಜಾಸ್ತಿ ಜನ ನಿಂತುಕೊಂಡು. ಇವತ್ತು ಕಡಿಮೆ ನಿಲುಗಡೆಯ ಗಾಡಿ ಸಿಕ್ಕರೆ ತುಮಕೂರಿನಿಂದ ಯಶವಂತಪುರಕ್ಕೆ ಒಂದು ಗಂಟೆ ಸಾಕು. ಹೊಸ ವ್ಯವಸ್ಥೆ ಹಳೆಯದಕ್ಕಿಂತ ನಿಧಾನ ಆಗಬಾರದು ಅಲ್ವಾ?

ದುಡ್ಡಿನ ಮಾತಿಗೆ ಬರೋಣ. 2025ರ ಫೆಬ್ರುವರಿಯಲ್ಲಿ ಮೆಟ್ರೋ ದರ ಏರಿತು. ಅತಿ ಹೆಚ್ಚಿನ ಟಿಕೆಟ್ 60 ರೂಪಾಯಿಯಿಂದ 90ಕ್ಕೆ ಹೋಯಿತು. ಅದು 25-30 ಕಿ.ಮೀ. ದೂರದ ದರ. ಅದೇ ಲೆಕ್ಕವನ್ನು ತುಮಕೂರಿನಿಂದ ಮೆಜೆಸ್ಟಿಕ್ ತನಕದ ಸುಮಾರು 75 ಕಿ.ಮೀ.ಗೆ ಎಳೆದರೆ ಒಂದು ಕಡೆಗೇ 200 ದಾಟುತ್ತದೆ. ಅಷ್ಟು ಇಡಲಿಕ್ಕಿಲ್ಲ, ಕಡಿಮೆ ಮಾಡುತ್ತಾರೆ ಅಂತ ಇಟ್ಟುಕೊಳ್ಳೋಣ. ಆದರೂ ರೈಲ್ವೆ ಪಾಸಿನ ಹತ್ತಿರಕ್ಕೂ ಬರುವುದಿಲ್ಲ. ಒಂದು ತಿಂಗಳ ಪಾಸಿನ ದುಡ್ಡು ಒಂದು ವಾರದ ಬಸ್ ಚಾರ್ಜಿಗಿಂತ ಕಡಿಮೆ.

ಇನ್ನೊಂದು ಮಾತನ್ನು ಯಾರೂ ಎತ್ತುತ್ತಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ತುಮಕೂರಿನ ಹೆಣ್ಣುಮಕ್ಕಳು ಸರ್ಕಾರಿ ಕೆಂಪು ಬಸ್ಸಿನಲ್ಲಿ ಬೆಂಗಳೂರಿಗೆ ಒಂದು ಪೈಸೆ ಕೊಡದೆ ಹೋಗುತ್ತಿದ್ದಾರೆ. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಒಬ್ಬ ಅಕ್ಕನನ್ನು ಪಕ್ಕದ ಸೀಟಿನಲ್ಲಿ ಕೇಳಿದ್ದೆ, "ಮೆಟ್ರೋ ಬಂದರೆ ಹತ್ತುತ್ತೀರಾ?" ಅಂತ. "ಪಾಸ್ ಎಷ್ಟಾಗುತ್ತೆ ಸಾರ್?" ಅಂತ ಅವರೇ ನನ್ನನ್ನು ಕೇಳಿದರು. ಈ ಪ್ರಶ್ನೆಗೆ ಉತ್ತರ ಇಲ್ಲದೆ, ಈ ಮಾರ್ಗದಲ್ಲಿ ದಿನಕ್ಕೆ ಇಷ್ಟು ಲಕ್ಷ ಜನ ಓಡಾಡುತ್ತಾರೆ ಅಂತ ವರದಿಯಲ್ಲಿ ಬರೆದರೆ ಅದಕ್ಕೆ ಅರ್ಥ ಇರುವುದಿಲ್ಲ. ದರ ಏರಿದ ಮೇಲೆ ಬೆಂಗಳೂರಿನ ಒಳಗೇ ಕೆಲವು ದಿನ ಪ್ರಯಾಣಿಕರು ಕಡಿಮೆ ಆದದ್ದನ್ನು ನೋಡಿದ್ದೇವೆ.

ಹಾಗಂತ ಈ ಮಾರ್ಗದಲ್ಲಿ ಮೆಟ್ರೋ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಮಾದಾವರದಿಂದ ನೆಲಮಂಗಲದವರೆಗೆ ಬೇಕು, ಬೇಗ ಬೇಕು. ಆ ತುಂಡು ಈಗಾಗಲೇ ಬೆಂಗಳೂರೇ ಆಗಿದೆ. ಮಾಕಳಿ, ದಾಸನಪುರದ ಕಡೆ ಮನೆಗಳು ಬಿಡುವಿಲ್ಲದೆ ಎದ್ದಿವೆ. ನೆಲಮಂಗಲದವರಿಗೆ ಮೆಜೆಸ್ಟಿಕ್ ಮೆಟ್ರೋ ಅಳತೆಯ ದೂರದಲ್ಲೇ ಇದೆ. ಆದರೆ ನೆಲಮಂಗಲ ದಾಟಿದರೆ ನಡುವೆ ಹೊಲ, ತೋಟ, ಒಂದಿಷ್ಟು ಕಾರ್ಖಾನೆ. ಅಲ್ಲಿ ಎರಡು ಕಿಲೋಮೀಟರಿಗೊಂದು ಸ್ಟೇಷನ್ನಿಗೆ ಜನ ಎಲ್ಲಿಂದ ಬರುತ್ತಾರೆ?

ಪಕ್ಕದಲ್ಲೇ ಇರುವ ಎರಡು ಹಳಿ

ಬೆಂಗಳೂರು-ತುಮಕೂರು ನಡುವೆ ಸುಮಾರು 70 ಕಿ.ಮೀ. ಜೋಡಿ ಹಳಿ ಇದೆ, ವಿದ್ಯುತ್ ತಂತಿಯೂ ಇದೆ. ಕ್ಯಾತ್ಸಂದ್ರ, ಹಿರೇಹಳ್ಳಿ, ನಿಡವಂದ, ದೊಡ್ಡಬೆಲೆ, ಸೋಲದೇವನಹಳ್ಳಿ, ಚಿಕ್ಕಬಾಣಾವರ ಸ್ಟೇಷನ್ನುಗಳೂ ಇವೆ. ಮತ್ತೇಕೆ ಜಾಸ್ತಿ ಗಾಡಿ ಓಡಿಸುತ್ತಿಲ್ಲ ಅನ್ನುವುದು ಪಾಸ್‌ನವರ ದಿನದ ಪ್ರಶ್ನೆ.

ಉತ್ತರ ಹಳಿಯಲ್ಲೇ ಇದೆ. ಹುಬ್ಬಳ್ಳಿ, ಶಿವಮೊಗ್ಗ, ಅರಸೀಕೆರೆ ಕಡೆಯ ಎಕ್ಸ್‌ಪ್ರೆಸ್‌ಗಳು, ಗೂಡ್ಸ್ ಗಾಡಿಗಳು, ನಮ್ಮ ಪ್ಯಾಸೆಂಜರ್‌ಗಳು ಎಲ್ಲವೂ ಇದೇ ಎರಡು ಹಳಿಯ ಮೇಲೆ. ಎಲ್ಲ ಗಾಡಿಗಳೂ ಒಂದೇ ವೇಗದಲ್ಲಿ ಹೋದರೆ ಒಂದರ ಹಿಂದೆ ಒಂದನ್ನು ಹತ್ತಿರ ಹತ್ತಿರ ಬಿಡಬಹುದು. ಆದರೆ ಎಲ್ಲ ಕಡೆ ನಿಲ್ಲುವ ಮೆಮು, ಅಂದರೆ ವಿದ್ಯುತ್ ಲೋಕಲ್ ಗಾಡಿ, ಮುಂದೆ ಹೋಗುತ್ತಿದ್ದರೆ ಹಿಂದಿನ ಎಕ್ಸ್‌ಪ್ರೆಸ್ ಅದನ್ನು ದಾಟಲಾಗದು. ಆಗ ಮೆಮುವನ್ನು ಒಂದು ಸ್ಟೇಷನ್ನಿನ ಪಕ್ಕದ ಲೈನಿಗೆ ತಿರುಗಿಸಿ ನಿಲ್ಲಿಸಬೇಕು. ಒಂದು ನಿಧಾನದ ಗಾಡಿ ಎರಡು-ಮೂರು ವೇಗದ ಗಾಡಿಗಳ ಜಾಗ ತಿನ್ನುತ್ತದೆ. ಅದರ ಮೇಲೆ ಯಶವಂತಪುರ ಹತ್ತಿರ ನಾಲ್ಕು ದಿಕ್ಕಿನ ಗಾಡಿಗಳು ಕೂಡಿಕೊಳ್ಳುತ್ತವೆ. ನಾನು ಓಡಾಡುತ್ತಿದ್ದಾಗ ಒಂದು ದಿನ ಊರ ಹೊರಗೆ, ಔಟರ್‌ನಲ್ಲಿ, ನಲವತ್ತು ನಿಮಿಷ ನಿಂತಿದ್ದೆವು. ಪಕ್ಕದಲ್ಲಿದ್ದ ಹುಡುಗ ಬ್ಯಾಗ್ ಎತ್ತಿಕೊಂಡು ಜಲ್ಲಿ ಮೇಲೆ ಇಳಿದು ಓಡಿದ. ಅವನಿಗೆ ಅವತ್ತು ಇಂಟರ್‌ವ್ಯೂ ಇತ್ತು.

ಮುಂದೆ ಈ ಒತ್ತಡ ಕಡಿಮೆ ಆಗುವುದಿಲ್ಲ, ಏರುತ್ತದೆ. ರಾಯದುರ್ಗದಿಂದ ಪಾವಗಡ, ಮಧುಗಿರಿ, ಕೊರಟಗೆರೆ ಮೇಲೆ ತುಮಕೂರಿಗೆ ಒಂದು ಹೊಸ ಲೈನು ಬರುತ್ತಿದೆ. ದಾವಣಗೆರೆಯಿಂದ ಚಿತ್ರದುರ್ಗ, ಹಿರಿಯೂರು, ಶಿರಾ ಮೇಲೆ ಇನ್ನೊಂದು. ಒಂದೊಂದೂ ಸುಮಾರು 200 ಕಿ.ಮೀ. ಎರಡೂ ತುಮಕೂರಿನಲ್ಲಿ ಸೇರುತ್ತವೆ. ಅಲ್ಲಿಂದ ಬೆಂಗಳೂರಿಗೆ ಹೋಗಲು ಅದೇ ಎರಡು ಹಳಿ. ಎರಡು ಕಾಲುವೆ ತಂದು ಒಂದೇ ತೂಬಿಗೆ ಬಿಟ್ಟ ಹಾಗೆ.

ಅದಕ್ಕೆ ಬೇಕಾಗಿರುವುದು ನಾಲ್ಕು ಹಳಿ. ಎರಡರಲ್ಲಿ ದೂರದ ಗಾಡಿ ಮತ್ತು ಗೂಡ್ಸ್, ಇನ್ನೆರಡರಲ್ಲಿ ನಮ್ಮ ಲೋಕಲ್. ಇದೇನು ಹೊಸ ಯೋಚನೆ ಅಲ್ಲ. ಮುಂಬೈಯ ಚರ್ಚ್‌ಗೇಟ್‌ನಿಂದ ವಿರಾರ್‌ಗೆ 60 ಕಿ.ಮೀ. ಲೆಕ್ಕ ಹಾಕಿ ನೋಡಿ, ಮಾದಾವರ-ತುಮಕೂರಿನಷ್ಟೇ ಉದ್ದ. ಅಲ್ಲಿ ನಾಲ್ಕು ಹಳಿಗಳ ಮೇಲೆ ಫಾಸ್ಟ್ ಮತ್ತು ಸ್ಲೋ ಲೋಕಲ್ ಬೇರೆ ಬೇರೆಯಾಗಿ ಓಡುತ್ತವೆ. ವಿರಾರ್‌ನವರು ದಿನಾ ಮುಂಬೈಗೆ ಹೋಗಿ ಬರುವುದು ಅದರಿಂದಲೇ ಸಾಧ್ಯ ಆಗಿದೆ.

ಖರ್ಚನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿದ ಮೆಟ್ರೋ ಮೂರನೇ ಹಂತ 44.65 ಕಿ.ಮೀ.ಗೆ 15,611 ಕೋಟಿ. ಕಿಲೋಮೀಟರಿಗೆ ಹತ್ತಿರ ಹತ್ತಿರ 350 ಕೋಟಿ. ತುಮಕೂರು ಮೆಟ್ರೋ ಅಂದಾಜೂ ಅದೇ ಮಟ್ಟದಲ್ಲಿದೆ. ಕೆ-ರೈಡ್ ಅನ್ನುವ ಸಂಸ್ಥೆ ಬೆಂಗಳೂರಿನಲ್ಲಿ ಕಟ್ಟುತ್ತಿರುವ ಉಪನಗರ ರೈಲು 148 ಕಿ.ಮೀ.ಗೆ 15,767 ಕೋಟಿ. ಕಿಲೋಮೀಟರಿಗೆ 106 ಕೋಟಿ ಆಗುತ್ತದೆ. ಉಪನಗರ ರೈಲಿನ ಅಂದಾಜು ಹಳೆಯದು, ಈಗ ಏರಿರುತ್ತದೆ ಅಂತಲೇ ಹಿಡಿದರೂ ಮೂರು ಪಟ್ಟಿನ ಅಂತರ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಅದೇ ದುಡ್ಡಿನಲ್ಲಿ ತುಮಕೂರಿನ ಜೊತೆ ಕೋಲಾರಕ್ಕೂ ಚಿಕ್ಕಬಳ್ಳಾಪುರಕ್ಕೂ ಒಳ್ಳೆಯ ರೈಲು ಕೊಡುವ ಮಾತು ಆಡಬಹುದು. ಬಂಗಾರಪೇಟೆ ಕಡೆಯ ಗಾಡಿಗಳಲ್ಲಿ ಬರುವವರ ಪಾಡು ನಮ್ಮದಕ್ಕಿಂತ ಏನೂ ಮೇಲಲ್ಲ.

ಕೆ-ರೈಡ್ 2023ರಲ್ಲಿ ಇಂಥದ್ದೇ ಒಂದು ಪ್ರಸ್ತಾವ ಮುಂದಿಟ್ಟಿತ್ತು. ಉಪನಗರ ರೈಲನ್ನು ತುಮಕೂರು, ಕೋಲಾರ, ಗೌರಿಬಿದನೂರು, ಮೈಸೂರು, ಹೊಸೂರು ಕಡೆಗೆ ಒಟ್ಟು 450 ಕಿ.ಮೀ.ಗೂ ಮೇಲೆ ಬೆಳೆಸುವ ಪ್ರಸ್ತಾವ ಅದು. ಅದು ಮುಂದೆ ಸಾಗಲಿಲ್ಲ. ಮೊದಲ ಹಂತವೇ ಕುಂಟುತ್ತಿರುವಾಗ ಎರಡನೆಯದರ ಮಾತು ಕೇಳುವವರು ಯಾರು? 2022ರ ಜೂನ್‌ನಲ್ಲಿ ಪ್ರಧಾನಿ ಅಡಿಗಲ್ಲು ಹಾಕಿದಾಗ 40 ತಿಂಗಳ ಗಡುವು ಹೇಳಿದ್ದರು. ಆ 40 ತಿಂಗಳು ಮುಗಿದುಹೋಯಿತು, ಗಾಡಿ ಬರಲಿಲ್ಲ. ಇದರಿಂದ ಜನರಿಗೆ "ರೈಲ್ವೆಯವರ ಕೈಲಿ ಆಗಲ್ಲ, ಮೆಟ್ರೋನೇ ವಾಸಿ" ಅನ್ನಿಸಿದೆ. ಅನ್ನಿಸಿದ್ದು ಸಹಜ. ಆದರೆ ಮೆಟ್ರೋ ಕೂಡ ಬೇಗ ಬರುವ ಗಾಡಿ ಅಲ್ಲ. ಎರಡನೇ ಹಂತಕ್ಕೆ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ. ಅದರಲ್ಲಿದ್ದ ಬೊಮ್ಮಸಂದ್ರದ ಹಳದಿ ಮಾರ್ಗದಲ್ಲಿ ಗಾಡಿ ಓಡಿದ್ದು 2025ರ ಆಗಸ್ಟ್‌ನಲ್ಲಿ. 19 ಕಿ.ಮೀ.ಗೆ ಹನ್ನೊಂದು ವರ್ಷ. ಇವತ್ತು ಒಂದನೇ ಕ್ಲಾಸಿಗೆ ಸೇರಿದ ಮಗು ಪಿಯುಸಿ ಮುಗಿಸುವ ಹೊತ್ತು ಅದು.

ದೆಹಲಿಯ ಉದಾಹರಣೆಯನ್ನು ಇಲ್ಲಿ ಹೇಳಲೇಬೇಕು. ದೆಹಲಿಯಿಂದ ಮೀರತ್‌ಗೆ 82 ಕಿ.ಮೀ. ಅಲ್ಲಿಯೂ ಮೆಟ್ರೋ ಎಳೆಯಬಹುದಿತ್ತು, ಎಳೆಯಲಿಲ್ಲ. ನಮೋ ಭಾರತ್ ಅನ್ನುವ ಪ್ರಾದೇಶಿಕ ರೈಲು ಕಟ್ಟಿದರು. ಗಂಟೆಗೆ 160 ಕಿ.ಮೀ. ಓಡುತ್ತದೆ, ಸೀಟುಗಳು ಬಸ್ಸಿನ ಹಾಗೆ ಮುಂದಕ್ಕೆ ಮುಖ ಮಾಡಿವೆ, ಮೀರತ್ ಊರೊಳಗೆ ಅದೇ ಹಳಿಯ ಮೇಲೆ ಮೆಟ್ರೋ ಗಾಡಿಯೂ ಓಡುವಂತೆ ಕಟ್ಟಿದ್ದಾರೆ. 2023ರ ಅಕ್ಟೋಬರ್‌ನಲ್ಲಿ ಮೊದಲ 17 ಕಿ.ಮೀ. ಶುರುವಾಯಿತು. ಅದು ಅಗ್ಗವೂ ಅಲ್ಲ. 30 ಸಾವಿರ ಕೋಟಿಯ ಯೋಜನೆ, 55 ಕಿ.ಮೀ.ಗೆ ಟಿಕೆಟ್ 150 ರೂಪಾಯಿ. ನಮ್ಮ ಪಾಸ್‌ನವರಿಗೆ ಅದೂ ಭಾರವೇ. ಹಾಗಾಗಿ ನನ್ನ ಒಲವು ಇರುವ ಹಳಿ ಪಕ್ಕ ಇನ್ನೆರಡು ಹಳಿ ಹಾಕುವುದರ ಕಡೆಗೇ. ಆದರೆ ದೆಹಲಿಯಿಂದ ನಾವು ಕಲಿಯಬೇಕಾದದ್ದು ರೈಲಿಗಿಂತ ಅದರ ಹಿಂದಿನ ನಕ್ಷೆ.

ನಕ್ಷೆ ಯಾರ ಕೈಲಿದೆ?

ದೆಹಲಿ ಮತ್ತು ಸುತ್ತಲಿನ ಮೂರು ರಾಜ್ಯಗಳ ಭಾಗಗಳು ಸೇರಿದ ಪ್ರದೇಶಕ್ಕೆ ಒಂದು ಯೋಜನಾ ಮಂಡಳಿ ಇದೆ. ಅದು 2032ನ್ನು ಮುಂದಿಟ್ಟುಕೊಂಡು ಸಾರಿಗೆ ಯೋಜನೆ ಮಾಡಿ, ಎಂಟು ಪ್ರಾದೇಶಿಕ ರೈಲು ಮಾರ್ಗಗಳನ್ನು ಗುರುತಿಸಿ, ಮೂರನ್ನು ಮೊದಲು ಕಟ್ಟಬೇಕು ಅಂದಿತು. ಮೀರತ್ ಅದರಲ್ಲಿ ಒಂದು. ಅಂದರೆ ಮೊದಲು ಯಾರು ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ ಅನ್ನುವುದು, ಆಮೇಲೆ ಗಾಡಿ.

ನಮ್ಮಲ್ಲಿ ಬೆಂಗಳೂರು ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಇದೆ, 1985ರ ಕಾಯ್ದೆಯಿಂದ ಹುಟ್ಟಿದ್ದು. ಅದರ ವ್ಯಾಪ್ತಿ ಬೆಂಗಳೂರು ನಗರ, ಗ್ರಾಮಾಂತರ ಮತ್ತು 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಾದ ರಾಮನಗರ ಜಿಲ್ಲೆ, ಒಟ್ಟು 8 ಸಾವಿರ ಚದರ ಕಿ.ಮೀ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಅದರೊಳಗಿಲ್ಲ. ಡಾಬಸ್‌ಪೇಟೆ ದಾಟಿ ಸ್ವಲ್ಪ ದೂರಕ್ಕೆ ಜಿಲ್ಲೆಯ ಗಡಿ, ಅಲ್ಲಿಗೆ ಬೆಂಗಳೂರಿನ ಯೋಜನೆ ಮುಗಿಯುತ್ತದೆ. ಸಾರಿಗೆಗೆಂದೇ 2022ರಲ್ಲಿ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಕಾಯ್ದೆ ಮಾಡಿದರು. ಅದರ ಕಣ್ಣೂ ಬೆಂಗಳೂರಿನ ಮೇಲೇ. ಮೆಟ್ರೋ ಬಿಎಂಆರ್‌ಸಿಎಲ್‌ನದ್ದು, ಉಪನಗರ ರೈಲು ಕೆ-ರೈಡ್‌ನದ್ದು, ಹಳಿ ನೈಋತ್ಯ ರೈಲ್ವೆಯದ್ದು, ಹೆದ್ದಾರಿ ಕೇಂದ್ರದ ಪ್ರಾಧಿಕಾರದ್ದು, ಬಸ್ಸು ಕೆಎಸ್‌ಆರ್‌ಟಿಸಿಯದ್ದು. ಕ್ಯಾತ್ಸಂದ್ರದಲ್ಲಿ ನಿಂತ ಅಕ್ಕನಿಗೆ ಇದು ಒಂದೇ ಪ್ರಯಾಣ. ಕಚೇರಿಗಳಲ್ಲಿ ಅದು ಐದು ಫೈಲು.

2017ರ ಕೇಂದ್ರ ಮೆಟ್ರೋ ನೀತಿ ಒಂದು ಒಳ್ಳೆಯ ಮಾತು ಹೇಳುತ್ತದೆ. ಮೆಟ್ರೋಗೆ ದುಡ್ಡು ಕೇಳುವ ಮುಂಚೆ ಬಸ್ಸು, ಉಪನಗರ ರೈಲು, ಲೈಟ್ ರೈಲು ಇವೆಲ್ಲವನ್ನೂ ಪಕ್ಕದಲ್ಲಿಟ್ಟು ಹೋಲಿಸಿ, ಯಾವುದು ಸರಿ ಅಂತ ತೋರಿಸಬೇಕು. ತುಮಕೂರಿನ ವಿಷಯದಲ್ಲಿ ಬಜೆಟ್ ಭಾಷಣದಲ್ಲೇ "ಮೆಟ್ರೋ" ಅಂತ ಹೆಸರು ಬಂದುಬಿಟ್ಟಿತು. ಮದುವೆ ನಿಶ್ಚಯ ಮಾಡಿ ಆಮೇಲೆ ಜಾತಕ ನೋಡಿದರೆ ಜಾತಕ ಕೂಡಿಯೇ ಕೂಡುತ್ತದೆ. ಆ ಹೋಲಿಕೆಯನ್ನು ಈಗಲಾದರೂ ಪೂರ್ತಿಯಾಗಿ ಮಾಡಿ ಕನ್ನಡದಲ್ಲಿ ಜನರ ಮುಂದಿಡಬೇಕು. ನಮ್ಮ ಸಂಸದ ವಿ. ಸೋಮಣ್ಣ ಅವರೇ ರೈಲ್ವೆ ರಾಜ್ಯ ಸಚಿವರು. ರಾಜ್ಯದ ಪ್ರಭಾವಿ ಸಚಿವರೂ ಇದೇ ಜಿಲ್ಲೆಯವರು. ಪಕ್ಷ ಬೇರೆ ಇರಬಹುದು. ಆದರೆ ಇಬ್ಬರೂ ಒಂದೇ ಮೇಜಿಗೆ ಬಂದು ಕೂರಬೇಕು, ತುಮಕೂರಿಗೆ ಇಂಥ ಕಾಲ ಮತ್ತೆ ಬರುವುದು ಕಷ್ಟ.

ಎಲ್ಲ ಪ್ರಯಾಣವೂ ಬೆಂಗಳೂರಿಗೇ ಅಂತ ಹಿಡಿಯುವುದೂ ತಪ್ಪು. ವಸಂತನರಸಾಪುರದಲ್ಲಿ ದೊಡ್ಡ ಕೈಗಾರಿಕಾ ಪ್ರದೇಶ ಬೆಳೆಯುತ್ತಿದೆ, ಚೆನ್ನೈ-ಬೆಂಗಳೂರು ಕೈಗಾರಿಕಾ ಕಾರಿಡಾರ್‌ನಲ್ಲಿ ತುಮಕೂರು ಒಂದು ಮುಖ್ಯ ತಾಣ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಹೆಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆ ಆಯಿತು. ಶಿರಾ ಗೇಟ್‌ನಲ್ಲಿ ಕೊನೆಯಾಗುವ ಮೆಟ್ರೋ ಈ ಎರಡು ಕಡೆಗೂ ಹೋಗುವುದಿಲ್ಲ. ಗುಬ್ಬಿಯಿಂದ ವಸಂತನರಸಾಪುರಕ್ಕೆ ಕೆಲಸಕ್ಕೆ ಹೋಗುವ ಹುಡುಗನಿಗೆ ಇವತ್ತು ಬೇಕಾಗಿರುವುದು ಶಿಫ್ಟ್ ಸಮಯಕ್ಕೆ ಸರಿಯಾದ ಬಸ್ಸು. ಅದಕ್ಕೆ ಹನ್ನೊಂದು ವರ್ಷ ಕಾಯಬೇಕಾಗಿಲ್ಲ.

ನೀರಿನ ಮಾತು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. ರೈಲು ಬಂದರೆ ಬಡಾವಣೆ ಬರುತ್ತದೆ, ಬಡಾವಣೆಗೆ ನೀರು ಬೇಕು, ನಮ್ಮ ಬುಗುಡನಹಳ್ಳಿ ಕೆರೆ ತುಂಬುವುದು ಹೇಮಾವತಿಯಿಂದ, ಆ ನೀರಿಗೆ ಎಷ್ಟು ಜಗಳ ಇದೆ ಅಂತ ಈ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈಗಲೇ ಮಾಡಬಹುದಾದ, ಹೆಚ್ಚು ದುಡ್ಡು ಬೇಡದ ಕೆಲಸ ಒಂದಿದೆ. ಜಾಗ ಕಾಯ್ದಿಡುವುದು. ಯಾವ ಗಾಡಿ ಬಂದರೂ ಅದಕ್ಕೆ ನೆಲ ಬೇಕು. ನಾಲ್ಕು ಹಳಿಗಾದರೆ ಇರುವ ಹಳಿಯ ಪಕ್ಕ ಎರಡು ಹಳಿಯಷ್ಟು ಅಗಲ ಬೇಕು, ಸ್ಟೇಷನ್ನುಗಳ ಹತ್ತಿರ ಬಸ್ ನಿಲ್ಲುವಷ್ಟು, ಸ್ಕೂಟರ್ ನಿಲ್ಲಿಸುವಷ್ಟು ಜಾಗ ಬೇಕು. ಹತ್ತು ವರ್ಷ ಬಿಟ್ಟು ಕೇಳಿದರೆ ಅಲ್ಲಿ ಮನೆ ಇರುತ್ತವೆ. ಪೀಣ್ಯದಲ್ಲಿ ನೋಡಿದ್ದೇವಲ್ಲ. 2021ರ ಡಿಸೆಂಬರ್‌ನಲ್ಲಿ ಮೇಲ್ಸೇತುವೆಯ ಕೇಬಲ್ ಕೆಟ್ಟು ಗಾಡಿಗಳನ್ನು ನಿಲ್ಲಿಸಿದಾಗ ಪಕ್ಕಕ್ಕೆ ಸರಿಯಲು ಒಂದಡಿ ಜಾಗ ಇರಲಿಲ್ಲ. ಭಾರಿ ವಾಹನಗಳನ್ನು ಮತ್ತೆ ಬಿಟ್ಟದ್ದು 2024ರಲ್ಲಿ. ಅಷ್ಟು ದಿನ ತುಮಕೂರಿನ ಬಸ್ಸುಗಳೆಲ್ಲ ಕೆಳಗಿನ ರಸ್ತೆಯಲ್ಲಿ ತೆವಳಿದವು.

ಮೊನ್ನೆ ಹಿರೇಹಳ್ಳಿ ಹತ್ತಿರ ಒಂದು ಹೊಸ ಲೇಔಟಿನ ಬೋರ್ಡ್ ನೋಡಿದೆ. "ಮುಂಬರುವ ಮೆಟ್ರೋ ಸ್ಟೇಷನ್‌ಗೆ 5 ನಿಮಿಷ" ಅಂತ ಬರೆದಿತ್ತು. ಸ್ಟೇಷನ್ ಎಲ್ಲಿ ಅಂತ ಸರ್ಕಾರದ ಯಾವ ನಕ್ಷೆಯಲ್ಲೂ ಇನ್ನೂ ಗಟ್ಟಿಯಾಗಿಲ್ಲ. ಆಗಲೇ ಸೈಟಿನ ಬೆಲೆ ಏರಿದೆ. ಈ ಏರಿದ ಬೆಲೆಯಲ್ಲಿ ರೈಲಿಗೂ ಪಾಲು ಬರಬೇಕು, ಹೊಲದವನಿಗೂ ಬರಬೇಕು ಅಂದರೆ ಗೆರೆ ಮೊದಲು ಬೀಳಬೇಕು. ಟೂಡಾ, ಅಂದರೆ ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರದ ಮಾಸ್ಟರ್ ಪ್ಲಾನ್‌ನಲ್ಲಿ, ನೆಲಮಂಗಲದ ಕಡೆಯ ಪ್ರಾಧಿಕಾರದ ನಕ್ಷೆಯಲ್ಲಿ, ಹಳಿಯ ಪಕ್ಕದ ಆ ಪಟ್ಟಿಯನ್ನು ಈ ವರ್ಷವೇ ಗುರುತು ಹಾಕಬೇಕು. ಹಿರೇಹಳ್ಳಿಯಿಂದ ನಿಡವಂದದವರೆಗೆ ಅಲ್ಲಿ ಇವತ್ತಿಗೂ ರಾಗಿ ಹೊಲ ಇದೆ, ತೆಂಗಿನ ತೋಟ ಇದೆ. ಕಲ್ಲು ನೆಡುವ ಮುಂಚೆ ಆ ಹೊಲದವರ ಜಗಲಿ ಮೇಲೆ ಕೂತು, ಎಷ್ಟು ಅಗಲ ಬೇಕು, ಯಾವಾಗ ಬೇಕು, ಯಾವ ಬೆಲೆಗೆ ಅಂತ ಅಧಿಕಾರಿಗಳು ಬಾಯಿಬಿಟ್ಟು ಹೇಳಬೇಕು.